ಚಪ್ಪಲಿ ಮತ್ತು ಬೈಲಾ: ನಾಗಾ ನಗರದ ಜೆಸ್ಸಿ ರೊಬ್ರೆಡೊ

(ನಮ್ಮ ವಾಚನಾಲಯದ ತಿಂಗಳ ಉಪನ್ಯಾಸದಲ್ಲಿ ಆಡಿದ ಮಾತುಗಳನ್ನು ಅಲ್ಲಲ್ಲಿ ತಿದ್ದಿ ಬರೆದಿದ್ದೇನೆ. ಸಭಿಕರು ಕೇಳಿದ ಮೂರು ಪ್ರಶ್ನೆಗಳನ್ನು ಕೊನೆಗೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಫಿಲಿಪ್ಪೀನ್ಸ್ ಎಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಮ್ಯಾಗ್ಸೆಸೆ ಪ್ರಶಸ್ತಿ. 1991ರಲ್ಲಿ ಹೆಗ್ಗೋಡಿನ ಕೆ.ವಿ. ಸುಬ್ಬಣ್ಣನವರಿಗೆ ಬಂತು. ಅದಕ್ಕೆ ಮೊದಲು ಮೈಸೂರಿನಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ ಅವರಿಗೆ, ಆಮೇಲೆ ಹರೀಶ್ ಹಂದೆಯವರಿಗೆ, ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅವರಿಗೆ ಬಂತು. ನಮ್ಮವರಿಗೆ ಬಂದಾಗ ನಾವು ಪತ್ರಿಕೆಯ ಮುಖಪುಟ ಕತ್ತರಿಸಿ ಇಟ್ಟುಕೊಳ್ಳುತ್ತೇವೆ. ಆ ಪ್ರಶಸ್ತಿಯನ್ನು ಕೊಡುವ ನಾಡಿನಲ್ಲೇ ಯಾರು ಅದನ್ನು ಪಡೆದರು ಎಂದು ಹುಡುಕಲು ಹೋಗುವುದಿಲ್ಲ. ನಾನೂ ಹೋಗಿರಲಿಲ್ಲ. 2000ದ ಪಟ್ಟಿಯಲ್ಲಿ, ಸರ್ಕಾರಿ ಸೇವೆಯ ವಿಭಾಗದಲ್ಲಿ, ಒಂದು ಸಣ್ಣ ಊರಿನ ಮೇಯರ್ ಹೆಸರು ಆಕಸ್ಮಿಕವಾಗಿ ಕಣ್ಣಿಗೆ ಬಿತ್ತು. ಜೆಸ್ಸಿ ರೊಬ್ರೆಡೊ.

ನಾನು 28 ವರ್ಷ ಪುರಸಭೆ ಕಚೇರಿಗಳಲ್ಲಿ ಕೆಲಸ ಮಾಡಿದವನು. ಟಪ್ಪಾಲು, ಕಡತ, ಟಿಪ್ಪಣಿ, ಕೌನ್ಸಿಲ್ ನಡಾವಳಿ ಇವುಗಳ ನಡುವೆ ತಲೆ ನರೆತಿದೆ. ಅಧ್ಯಕ್ಷರು ಮೆಚ್ಚುವಂತೆ ಟಿಪ್ಪಣಿ ಬರೆಯುವುದು, ನಾಳೆ ಆಡಿಟ್‌ನವರು ಬಂದರೆ ಸಿಕ್ಕಿಬೀಳದಂತೆಯೂ ಬರೆಯುವುದು, ಎರಡನ್ನೂ ಒಂದೇ ಪುಟದಲ್ಲಿ ಸಾಧಿಸುವ ವಿದ್ಯೆಯನ್ನು ಕಲಿತಿದ್ದೇನೆ. ಹಾಗಾಗಿ ಮೇಯರ್ ಒಬ್ಬನನ್ನು ಜನ ಹೊಗಳಿದರೆ ನನಗೆ ಮೊದಲು ಹುಟ್ಟುವುದು ಅನುಮಾನ. ಈ ಮನುಷ್ಯನ ಮೇಲೂ ಅನುಮಾನದಿಂದಲೇ ಓದಲು ಶುರುಮಾಡಿದೆ.

ಅನುಮಾನಕ್ಕೆ ಕಾರಣವೂ ಇತ್ತು. ರೊಬ್ರೆಡೊ ಬಗ್ಗೆ ಯಾರು ಬರೆದರೂ ಮೊದಲು ಅವರ ಹವಾಯಿ ಚಪ್ಪಲಿಯ ಮಾತು ಬರುತ್ತದೆ. ಅಲ್ಲಿ ಅದಕ್ಕೆ ತ್ಸಿನೆಲಾಸ್ ಎನ್ನುತ್ತಾರೆ. ಸ್ಪ್ಯಾನಿಷರು ಬಿಟ್ಟುಹೋದ ಪದ. ಚಂಡಮಾರುತ ಬಂದು ಹೋದ ಬೆಳಿಗ್ಗೆ, ಮೊಣಕಾಲ ಮೇಲಿನ ಚಡ್ಡಿ, ರಬ್ಬರ್ ಚಪ್ಪಲಿ, ಕೈಯಲ್ಲಿ ಸಲಿಕೆ ಹಿಡಿದು ಮೇಯರ್ ಸಾಹೇಬರು ಬೀದಿಯ ಕೆಸರು ಎತ್ತುತ್ತಿರುವ ಚಿತ್ರ ಇಡೀ ದೇಶಕ್ಕೆ ಗೊತ್ತು. ಅವರ ಆಡಳಿತದ ರೀತಿಗೇ 'ಚಪ್ಪಲಿ ನಾಯಕತ್ವ' ಎಂಬ ಹೆಸರು ಬಿದ್ದುಬಿಟ್ಟಿದೆ. ಪೊರಕೆ ಹಿಡಿದು ಫೋಟೊ ತೆಗೆಸಿಕೊಂಡವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಫೋಟೊ ಮುಗಿದ ಮೇಲೆ ಆ ಪೊರಕೆಯನ್ನು ಉಗ್ರಾಣಕ್ಕೆ ವಾಪಸು ಕೊಟ್ಟು ರಿಜಿಸ್ಟರಿಗೆ ಸಹಿ ಹಾಕಿಸಿಕೊಂಡವನೂ ನಾನೇ. ಆದ್ದರಿಂದ ಇವತ್ತು ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು ಒಳಗೆ ಬರೋಣ. ನನಗೆ ಮುಖ್ಯವಾಗಿ ಕಂಡದ್ದು ಆ ಮನುಷ್ಯ 1995ರಲ್ಲಿ ಮಾಡಿಸಿದ ಒಂದು ಬೈಲಾ. ಅಲ್ಲಿಗೆ ಬರುವ ಮೊದಲು ಊರನ್ನು ಸ್ವಲ್ಪ ನೋಡಬೇಕು.

ಊರಿನ ಹೆಸರು ನಾಗಾ. ನಮ್ಮ ನಾಗನಿಗೂ ಈಶಾನ್ಯದ ನಾಗಾ ಜನರಿಗೂ ಸಂಬಂಧ ಕಲ್ಪಿಸಬೇಡಿ. ಅಲ್ಲಿನ ಬಿಕೋಲ್ ಭಾಷೆಯಲ್ಲಿ ನಾಗಾ ಎಂದರೆ ಒಂದು ಮರ, ಅದರಿಂದ ಊರಿಗೆ ಹೆಸರು ಬಂತು ಎನ್ನುತ್ತಾರೆ. ನಮ್ಮ ಹೊನ್ನೆಯ ಹತ್ತಿರದ ದಾಯಾದಿ ಅದು. ಮನಿಲಾದಿಂದ ಆಗ್ನೇಯಕ್ಕೆ 377 ಕಿಲೋಮೀಟರ್. ಪಕ್ಕದಲ್ಲಿ ಇಸಾರೊಗ್ ಎಂಬ ಜ್ವಾಲಾಮುಖಿ ಬೆಟ್ಟ, ಊರೊಳಗೆ ಹೊಳೆ. ಪ್ರತಿ ಸೆಪ್ಟೆಂಬರಿನಲ್ಲಿ ಪೆನ್ಯಾಫ್ರಾನ್ಸಿಯಾ ಮಾತೆಯ ತೆಪ್ಪೋತ್ಸವ ಆ ಹೊಳೆಯಲ್ಲೇ ನಡೆಯುತ್ತದೆ. ಅಡುಗೆಗೆ ತೆಂಗಿನಹಾಲು, ಮೆಣಸಿನಕಾಯಿ ಧಾರಾಳ. ಊಟದ ವಿಷಯದಲ್ಲಿ ನಮ್ಮ ಕರಾವಳಿಯವರು ಅಲ್ಲಿ ಸುಖವಾಗಿ ಇರಬಹುದು. 1990ರ ಜನಗಣತಿಯಂತೆ ಜನಸಂಖ್ಯೆ 1,15,000ದ ಆಸುಪಾಸು. ನಮ್ಮ ಲೆಕ್ಕದಲ್ಲಿ ಒಂದು ನಗರಸಭೆ.

ರೊಬ್ರೆಡೊ ಹುಟ್ಟಿದ್ದು ಅಲ್ಲೇ, 1958ರ ಮೇ 27ರಂದು. ವಂಶದ ಮೂಲದಲ್ಲಿ ಚೀನೀ ರಕ್ತವಿತ್ತು. ಎದುರಾಳಿಗಳು ಇದನ್ನು ಚುನಾವಣೆ ಬಂದಾಗಲೆಲ್ಲ ಎತ್ತಿ 'ಇವನು ಫಿಲಿಪ್ಪೀನ್ಸ್ ಪ್ರಜೆಯೇ ಅಲ್ಲ' ಎಂದು ದೂರು ಹಾಕುತ್ತಿದ್ದರು. ಮನಿಲಾದಲ್ಲಿ ಇಂಜಿನಿಯರಿಂಗ್ ಓದಿ, ಸ್ಯಾನ್ ಮಿಗೆಲ್ ಕಂಪನಿಯಲ್ಲಿ ಸರಕು ಸಾಗಾಟದ ವಿಭಾಗದಲ್ಲಿ ದುಡಿದರು. ಯಾವ ಲಾರಿ ಎಷ್ಟು ಹೊತ್ತಿಗೆ ಎಲ್ಲಿಗೆ ತಲುಪಬೇಕು ಎಂದು ಲೆಕ್ಕ ಹಾಕುವ ಉದ್ಯೋಗ. ಮುಂದೆ ಅವರು ನಗರ ನಡೆಸಿದ ರೀತಿಯಲ್ಲಿ ಈ ಲಾರಿ ಲೆಕ್ಕದ ವಾಸನೆ ಇದೆ ಎಂದು ನನಗೆ ಅನ್ನಿಸುತ್ತದೆ. 1986ರ ಫೆಬ್ರುವರಿಯಲ್ಲಿ ಜನ ಬೀದಿಗೆ ಇಳಿದು ಮಾರ್ಕೋಸ್ ಸರ್ವಾಧಿಕಾರವನ್ನು ಕೆಡವಿದರು. ಅದೇ ವರ್ಷ ರೊಬ್ರೆಡೊ ಕಂಪನಿ ಕೆಲಸ ಬಿಟ್ಟು ಊರಿಗೆ ಬಂದು ಬಿಕೋಲ್ ನದಿ ಕಣಿವೆ ಅಭಿವೃದ್ಧಿ ಯೋಜನೆಯ ಮುಖ್ಯಸ್ಥರಾದರು. ಅದೇ ಕಚೇರಿಯಲ್ಲಿ ಕೆಲಸಕ್ಕಿದ್ದ ಲೆನಿ ಎಂಬ ತರುಣಿಯನ್ನು ಮರುವರ್ಷ ಮದುವೆಯಾದರು.

1988ರ ಜನವರಿಯಲ್ಲಿ ಸ್ಥಳೀಯ ಚುನಾವಣೆ ನಡೆಯಿತು. ಪ್ರಾಂತ್ಯದ ಪ್ರಬಲ ರಾಜಕಾರಣಿ ಲೂಯಿಸ್ ವಿಲ್ಲಾಫುವೆರ್ತೆ ರೊಬ್ರೆಡೊ ಅವರ ಬಂಧು. ಹುಡುಗನನ್ನು ಮೇಯರ್ ಸ್ಥಾನಕ್ಕೆ ನಿಲ್ಲಿಸಿದವರು ಅವರೇ. ಹುಡುಗ ಕೂದಲೆಳೆ ಅಂತರದಲ್ಲಿ ಗೆದ್ದ. ವಯಸ್ಸು 29. ಆ ದೇಶದ ನಗರಗಳ ಮೇಯರ್‌ಗಳಲ್ಲೇ ಕಿರಿಯ. ಬಂಧುವಿನ ಲೆಕ್ಕದಲ್ಲಿ ಇವನು ಹೇಳಿದಂತೆ ಕೇಳಿಕೊಂಡು ಇರಬೇಕಾದವನು. ಇರಲಿಲ್ಲ. ಸ್ವಲ್ಪ ಕಾಲದಲ್ಲೇ ಇಬ್ಬರಿಗೂ ಮುರಿದುಬಿತ್ತು, ಎರಡು ದಶಕ ಕಳೆದರೂ ಅದು ಕೂಡಿಕೊಳ್ಳಲಿಲ್ಲ.

ಇಲ್ಲೊಂದು ವ್ಯತ್ಯಾಸ ಗಮನಿಸಬೇಕು. ನಮ್ಮ ಮಹಾನಗರ ಪಾಲಿಕೆಗಳ ಮೇಯರ್‌ಗೆ ಸಿಗುವುದು ಒಂದು ವರ್ಷ. ಹಾರ ತುರಾಯಿಗಳನ್ನು ತೆಗೆದಿಡುವ ಹೊತ್ತಿಗೆ ಅವಧಿ ಮುಗಿದಿರುತ್ತದೆ. ಅಲ್ಲಿ ಮೇಯರ್‌ನನ್ನು ಜನ ನೇರವಾಗಿ ಆರಿಸುತ್ತಾರೆ. ಕಾರ್ಯಾಂಗದ ಅಧಿಕಾರ ಅವನ ಕೈಯಲ್ಲೇ. ಆಯುಕ್ತರು ಕಡತ ಇಟ್ಟುಕೊಂಡರು ಎಂದು ದೂರುವ ಹಾಗಿಲ್ಲ. 1991ರ ಸ್ಥಳೀಯ ಸರ್ಕಾರ ಸಂಹಿತೆ ಬಂದ ಮೇಲಂತೂ ಆರೋಗ್ಯ, ಕೃಷಿ, ಸಮಾಜ ಕಲ್ಯಾಣಗಳ ಹೊಣೆ ಸ್ಥಳೀಯ ಸಂಸ್ಥೆಗಳಿಗೆ ಬಂತು, ದೇಶದ ಆಂತರಿಕ ತೆರಿಗೆಯಲ್ಲಿ ಶೇ 40ರ ಪಾಲೂ ಬಂತು. ನಮ್ಮಲ್ಲಿ ನಗರ ಸಂಸ್ಥೆಗಳಿಗೆ ಅಧಿಕಾರ ಕೊಡುವ ಸಂವಿಧಾನದ 74ನೇ ತಿದ್ದುಪಡಿ ಬಂದದ್ದು ಹೆಚ್ಚುಕಡಿಮೆ ಅದೇ ಕಾಲದಲ್ಲಿ. ಅವರದ್ದು ಹಣದ ಸಮೇತ ಬಂತು. ನಮ್ಮದರ ಬಗ್ಗೆ ಮಾತಾಡಲು ಬೇರೆ ದಿನ ಇಟ್ಟುಕೊಳ್ಳೋಣ.

ರೊಬ್ರೆಡೊ ಕುರ್ಚಿಯಲ್ಲಿ ಕುಳಿತಾಗ ನಾಗಾದ ಬೊಕ್ಕಸದಲ್ಲಿ ಹತ್ತು ಲಕ್ಷ ಪೆಸೊ ಕೊರತೆಯಿತ್ತು. ವರಮಾನದ ಲೆಕ್ಕದಲ್ಲಿ ಮೊದಲ ದರ್ಜೆಯ ನಗರ ಮೂರನೆಯ ದರ್ಜೆಗೆ ಇಳಿದಿತ್ತು. ಊರ ನಡುವೆ ಬಸ್ಸುಗಳು ಸಿಕ್ಕಿಕೊಂಡು ಪೇಟೆಯೇ ಉಸಿರುಗಟ್ಟಿತ್ತು. ಅಶ್ಲೀಲ ನೃತ್ಯದ ಅಡ್ಡೆಗಳಿದ್ದವು. ಇದಕ್ಕೆಲ್ಲ ಮೇಲಾಗಿ ಹ್ವೆತೆಂಗ್ ಇತ್ತು. ಹ್ವೆತೆಂಗ್ ಎಂದರೆ ನಮ್ಮ ಮಟ್ಕಾದ ಖಾಸಾ ಅಣ್ಣ. 1ರಿಂದ 37ರವರೆಗಿನ ಅಂಕಿಗಳಲ್ಲಿ ಎರಡನ್ನು ಹಿಡಿದು ಹಣ ಕಟ್ಟುವುದು. ಬಡವರ ಚಿಲ್ಲರೆ ಮೇಲಕ್ಕೆ ಹರಿಯುತ್ತದೆ, ಮೇಲೆ ಎಲ್ಲಿಯವರೆಗೆ ಹರಿಯುತ್ತದೆ ಎಂದು ಕೇಳಬಾರದು. 2001ರಲ್ಲಿ ಆ ದೇಶದ ಅಧ್ಯಕ್ಷ ಎಸ್ತ್ರಾದ ಪದಚ್ಯುತರಾದದ್ದು ಇದೇ ಹ್ವೆತೆಂಗ್ ಹಣದ ಆರೋಪದಿಂದ ಶುರುವಾದ ಗಲಾಟೆಯಲ್ಲಿ.

ಹೊಸ ಮೇಯರ್ ಜೂಜಿನ ಅಡ್ಡೆ, ನೃತ್ಯದ ಅಡ್ಡೆ ಎರಡನ್ನೂ ಮುಚ್ಚಿಸಿದರು. ಬಸ್ ನಿಲ್ದಾಣವನ್ನು ಪೇಟೆಯಿಂದ ಹೊರಗೆ ಒಯ್ದರು. ಇದನ್ನು ಒಂದು ವಾಕ್ಯದಲ್ಲಿ ಹೇಳಿಬಿಟ್ಟೆ, ಆದರೆ ಬಸ್ ನಿಲ್ದಾಣ ಸ್ಥಳಾಂತರ ಎಂದರೆ ಏನು ಎಂದು ಗೊತ್ತಿದ್ದವರಿಗೆ ಗೊತ್ತು. ಒಂದು ಊರಿನಲ್ಲಿ ನಾವು ಬರೀ ಹೂವಿನ ಅಂಗಡಿಗಳನ್ನು ರಸ್ತೆಯ ಆಚೆ ಬದಿಗೆ ಸರಿಸಲು ಹೋಗಿ ಹನ್ನೊಂದು ತಿಂಗಳು ನ್ಯಾಯಾಲಯ ಅಲೆದೆವು. ಹೂವು ಈಗಲೂ ಈಚೆ ಬದಿಯಲ್ಲೇ ಇದೆ. ನಾಗಾದಲ್ಲಿ ನಿಲ್ದಾಣ ಹೋಯಿತು, ಹೋದ ಕಡೆ ಹೊಸ ವ್ಯಾಪಾರದ ಬೀದಿಗಳು ಬೆಳೆದವು, ವ್ಯಾಪಾರದಿಂದ ತೆರಿಗೆ ಬಂತು. 1990ರ ಹೊತ್ತಿಗೆ ನಗರ ಮತ್ತೆ ಮೊದಲ ದರ್ಜೆಗೆ ಏರಿತು.

ಕಚೇರಿಯ ಒಳಗೆ ಇನ್ನೂ ಕಷ್ಟದ ಕೆಲಸ ಮಾಡಿದರು. ಸಿಬ್ಬಂದಿಯ ಅರ್ಹತೆ ಪರೀಕ್ಷಿಸಿ, ಯಾರ ಕಡೆಯವರು ಎಂದು ನೋಡದೆ ಕೆಲಸ ಬಲ್ಲವರಿಗೆ ಜಾಗ ಕೊಟ್ಟರು, ಬಡ್ತಿ ಕೊಟ್ಟರು. ಖರ್ಚು ಎಲ್ಲಿ ಉಳಿಸಬಹುದು ಎಂದು ಗುಮಾಸ್ತರನ್ನೇ ಕೇಳಿದರು. ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. 28 ವರ್ಷದಲ್ಲಿ ನನ್ನನ್ನು ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಮುಂದೆ ನಾಗಾ ಒಂದು ನಾಗರಿಕ ಸನ್ನದು ಅಚ್ಚು ಹಾಕಿಸಿತು. ಯಾವ ಪರವಾನಗಿಗೆ ಯಾವ ಕಾಗದ ಬೇಕು, ಎಷ್ಟು ಶುಲ್ಕ, ಎಷ್ಟು ಹೊತ್ತು, ಮೇಜಿನ ಆಚೆ ಯಾರು ಜವಾಬ್ದಾರಿ ಎಲ್ಲವೂ ಅದರಲ್ಲಿ. ನಮ್ಮ 'ಸಕಾಲ' ನೆನಪಾಗುತ್ತದೆ ಅಲ್ಲವೇ? ಅದು ಬಂದದ್ದು 2011ರ ಕಾಯ್ದೆಯ ಮೂಲಕ, ಇಡೀ ರಾಜ್ಯಕ್ಕೆ. ನಾಗಾ ತನ್ನಷ್ಟಕ್ಕೆ ತಾನೇ ಮಾಡಿಕೊಂಡಿತು.

ಕೊಳೆಗೇರಿಗಳ ಕತೆಯನ್ನು ಸ್ವಲ್ಪ ನಿಂತು ಹೇಳಬೇಕು. ಪರರ ಜಮೀನಿನಲ್ಲಿ, ರೈಲು ಹಳಿಯ ಬದಿಯಲ್ಲಿ, ಹೊಳೆಯಂಚಿನಲ್ಲಿ ಗುಡಿಸಲು ಹಾಕಿಕೊಂಡವರು ಸಾವಿರಾರು ಮಂದಿ ಇದ್ದರು. ಜಮೀನಿನ ಒಡೆಯ ಬುಲ್ಡೋಜರ್ ತರುತ್ತಾನೆ, ಜನ ಅಡ್ಡ ಮಲಗುತ್ತಾರೆ, ಪೊಲೀಸರು ಬರುತ್ತಾರೆ. ಯಾವ ದೇಶದಲ್ಲಾದರೂ ಇದೇ ನಾಟಕ. 1989ರಲ್ಲಿ ನಾಗಾ 'ಕಾಂತಾಬಾಯ್ ಸಾ ಕೌಸ್ವಾಗನ್' ಎಂಬ ಯೋಜನೆ ತಂದಿತು. ಅಭಿವೃದ್ಧಿಯಲ್ಲಿ ಜೊತೆಗಾರ ಎಂದು ಅರ್ಥ. ಒಡೆಯ, ಒಕ್ಕಲೆಬ್ಬಿಸಬೇಕಾದವರು, ನಗರಾಡಳಿತ ಈ ಮೂವರನ್ನೂ ಒಂದೇ ಮೇಜಿಗೆ ಕೂರಿಸುವುದು ಮೊದಲ ಹೆಜ್ಜೆ. ಆಮೇಲೆ ಜಮೀನು ಕೊಳ್ಳುವುದೋ, ಬದಲಿ ಜಮೀನು ಕೊಡುವುದೋ, ಇರುವುದನ್ನೇ ಒಡೆಯನಿಗೆ ಒಂದು ಪಾಲು ಬಿಟ್ಟು ಹಂಚಿಕೊಳ್ಳುವುದೋ, ಜಾಗ ನೋಡಿ ತೀರ್ಮಾನ. ನಿವೇಶನ ಪುಕ್ಕಟೆ ಅಲ್ಲ. ಪಡೆದವರು ಸಣ್ಣ ಕಂತುಗಳಲ್ಲಿ ಹಣ ಕಟ್ಟಬೇಕು. ಇದು ಎಷ್ಟು ಮುಖ್ಯ ಎಂದು ಹಕ್ಕುಪತ್ರ ವಿತರಣೆ ಸಮಾರಂಭಗಳನ್ನು ಏರ್ಪಡಿಸಿದವರಿಗೆ ತಿಳಿಯುತ್ತದೆ. ಪುಕ್ಕಟೆ ಕೊಟ್ಟದ್ದು ಕೊಟ್ಟವನ ಹೆಸರಿನಲ್ಲಿ ಉಳಿಯುತ್ತದೆ. ಕಂತು ಕಟ್ಟಿದವನು ಚುನಾವಣೆಯಲ್ಲಿ ಯಾರ ಋಣವನ್ನೂ ತೀರಿಸಬೇಕಾಗಿಲ್ಲ.

ಈಗ ಆ ಬೈಲಾಗೆ ಬರೋಣ. 1995ರಲ್ಲಿ ನಾಗಾದ ನಗರಸಭೆ ಜನ ಸಬಲೀಕರಣದ ಬೈಲಾ ಒಂದನ್ನು ಅಂಗೀಕರಿಸಿತು. ಅದರಂತೆ ಊರಿನ ಸ್ವಯಂಸೇವಾ ಸಂಸ್ಥೆಗಳು, ರೈತರ, ಮಹಿಳೆಯರ, ಸೈಕಲ್ ರಿಕ್ಷಾದವರ, ಕೊಳೆಗೇರಿ ನಿವಾಸಿಗಳ ಸಂಘಗಳು ಎಲ್ಲ ಸೇರಿ ಒಂದು ಒಕ್ಕೂಟ ಮಾಡಿಕೊಂಡವು. ಅದೇ ನಾಗಾ ನಗರದ ಜನತಾ ಮಂಡಳಿ. ಈ ಮಂಡಳಿ ತನ್ನ ಪ್ರತಿನಿಧಿಗಳನ್ನು ತಾನೇ ಆರಿಸುತ್ತದೆ. ಅವರು ನಗರಸಭೆಯ ಸ್ಥಾಯಿ ಸಮಿತಿಗಳಲ್ಲಿ ಕುಳಿತು ಚರ್ಚೆ ಮಾಡುತ್ತಾರೆ, ಹೊಸ ಬೈಲಾ ಸೂಚಿಸುತ್ತಾರೆ, ಸಮಿತಿಯ ಮಟ್ಟದಲ್ಲಿ ಮತವನ್ನೂ ಹಾಕುತ್ತಾರೆ.

ನಮ್ಮ ವಾರ್ಡ್ ಸಮಿತಿ ಇದ್ದಂತೆ ಎಂದು ಯಾರೋ ತಲೆಯಾಡಿಸಿದಿರಿ. ಒಂದು ವ್ಯತ್ಯಾಸ ಹೇಳುತ್ತೇನೆ. ನಾನು ಕಂಡ ಒಂದು ವಾರ್ಡ್ ಸಮಿತಿಯ ಸದಸ್ಯರನ್ನು ನೇಮಿಸಿದವರು, ಆ ಸಮಿತಿ ಯಾರನ್ನು ಪ್ರಶ್ನಿಸಬೇಕಿತ್ತೋ ಅವರೇ. ಸಭೆಯ ನಡಾವಳಿಯನ್ನು ಸಭೆಗೆ ಮೊದಲೇ ಬೆರಳಚ್ಚು ಮಾಡಿಟ್ಟಿದ್ದೆ. ಇದು ನನ್ನ ತಪ್ಪೊಪ್ಪಿಗೆ ಎಂದು ಬೇಕಾದರೆ ತಿಳಿಯಿರಿ. ನಾಗಾದಲ್ಲಿ ಮೇಯರ್ ಯಾರನ್ನೂ ಆ ಮಂಡಳಿಗೆ ನೇಮಿಸುವಂತಿಲ್ಲ. ಬೇಡದವರನ್ನು ಕಳಿಸಲೂ ಬರುವುದಿಲ್ಲ. ತನ್ನ ಮುಂದೆ ಕುಳಿತು 'ಇದು ಬೇಡ' ಎನ್ನುವ ಹಕ್ಕನ್ನು ಆತ ಕಾನೂನಿನ ಮೂಲಕ ಬೇರೆಯವರಿಗೆ ಕೊಟ್ಟ, ಅದೂ ತನ್ನ ಜನಪ್ರಿಯತೆ ಏರುತ್ತಿದ್ದ ಕಾಲದಲ್ಲಿ.

ಆದರೆ ಇಲ್ಲಿ ಒಂದು ತೊಡಕಿದೆ, ಅದನ್ನು ಮುಚ್ಚಿಟ್ಟರೆ ಈ ಉಪನ್ಯಾಸ ಬರೀ ಭಜನೆಯಾಗುತ್ತದೆ. ರೊಬ್ರೆಡೊ ಸೌಮ್ಯ ಸಂತನಾಗಿರಲಿಲ್ಲ. 1992ರಲ್ಲಿ ಬಂಧುವಿನ ಬೆಂಬಲವಿಲ್ಲದೆ ಮೇಯರ್, ಉಪಮೇಯರ್, ಎಲ್ಲ ಕೌನ್ಸಿಲರ್ ಸ್ಥಾನಗಳಿಗೂ ತನ್ನದೇ ತಂಡ ನಿಲ್ಲಿಸಿದರು. ಎದುರಿಗೆ ನಿಂತದ್ದು ವಿಲ್ಲಾಫುವೆರ್ತೆ ಅವರ ಸಹೋದರಿ. 'ಉಬೋಸ್ ಕುನ್ ಉಬೋಸ್, ಗಾಬೋಸ್ ಕುನ್ ಗಾಬೋಸ್' ಎಂಬುದು ರೊಬ್ರೆಡೊ ತಂಡದ ಘೋಷಣೆ. ಹೋದರೆ ಎಲ್ಲರೂ ಹೋಗಲಿ, ಬಂದರೆ ಎಲ್ಲರೂ ಬರಲಿ ಎಂಬ ಅರ್ಥ. ಜನ ಎಲ್ಲರನ್ನೂ ಗೆಲ್ಲಿಸಿದರು. ವಿರೋಧ ಪಕ್ಷವೇ ಇಲ್ಲದ ನಗರಸಭೆ. ಅಲ್ಲಿ ಮೇಯರ್ ಮಾತಿಗೆ ಎದುರಾಡುವವರು ಯಾರು? ಇದನ್ನು ಬಲಿಷ್ಠ ರಾಜಕೀಯ ಯಂತ್ರ ಎಂದು ಕರೆದರೆ ನಾನು ಜಗಳಕ್ಕೆ ಬರುವುದಿಲ್ಲ. ಆ ಯಂತ್ರ ಇಲ್ಲದಿದ್ದರೆ 1995ರ ಬೈಲಾ ಒಂದು ಸಭೆಯನ್ನೂ ದಾಟುತ್ತಿರಲಿಲ್ಲ ಎಂಬುದು ನನ್ನ ಅಂದಾಜು. ಯಾವ ಕೌನ್ಸಿಲರ್ ತನ್ನ ಪಕ್ಕದಲ್ಲಿ ಸೈಕಲ್ ರಿಕ್ಷಾದವರ ಸಂಘಕ್ಕೆ ಕುರ್ಚಿ ಹಾಕಿಸಲು ಖುಷಿಯಿಂದ ಕೈ ಎತ್ತುತ್ತಾನೆ? ಅಧಿಕಾರವನ್ನು ಬಿಗಿಯಾಗಿ ಹಿಡಿದವನಿಗೆ ಮಾತ್ರ ಅದನ್ನು ಹಂಚಲು ಸಾಧ್ಯವಾಯಿತು.

1998ರಲ್ಲಿ ಮೂರು ಅವಧಿಯ ಮಿತಿ ಮುಗಿಯಿತು. ಅಲ್ಲಿನ ಸಂವಿಧಾನದಂತೆ ಸತತವಾಗಿ ಮೂರಕ್ಕಿಂತ ಹೆಚ್ಚು ಬಾರಿ ಮೇಯರ್ ಆಗುವಂತಿಲ್ಲ. ಇದಕ್ಕೆ ಆ ದೇಶದಲ್ಲಿ ಸಿದ್ಧ ಔಷಧವೂ ಇದೆ: ಹೆಂಡತಿಯನ್ನೋ ಮಗನನ್ನೋ ಕೂರಿಸಿ ಮೂರು ವರ್ಷ ಕಳೆಯುವುದು. ರೊಬ್ರೆಡೊ ಆ ಔಷಧ ಕುಡಿಯಲಿಲ್ಲ. ತಂಡದ ಸಲ್ಪಿಸಿಯೊ ರೊಕೊ ಮೇಯರ್ ಆದರು, ಇವರು ಹಾರ್ವರ್ಡ್‌ಗೆ ಹೋಗಿ ಸಾರ್ವಜನಿಕ ಆಡಳಿತ ಓದಿದರು. ಅಧಿಕಾರವಿಲ್ಲದ ಆ ಮಧ್ಯಂತರದಲ್ಲೇ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು. 2001ರಲ್ಲಿ ಮರಳಿ ಗೆದ್ದು 2010ರವರೆಗೆ ಮತ್ತೆ ಮೂರು ಅವಧಿ. ಒಟ್ಟು 19 ವರ್ಷ.

ಮುಂದಿನದು ಮನಿಲಾ. 2010ರಲ್ಲಿ ಅಧ್ಯಕ್ಷರಾದ ಬೆನಿಗ್ನೊ ಅಕಿನೊ, ರೊಬ್ರೆಡೊ ಅವರನ್ನು ಒಳಾಡಳಿತ ಮತ್ತು ಸ್ಥಳೀಯ ಸರ್ಕಾರದ ಸೆಕ್ರೆಟರಿ ಮಾಡಿಕೊಂಡರು. ಅಲ್ಲಿ ಸಚಿವರಿಗೆ ಸೆಕ್ರೆಟರಿ ಎನ್ನುತ್ತಾರೆ. ಹೆಸರಿಗೆ ಗೃಹಸಚಿವ, ಆದರೆ ಪೊಲೀಸ್ ವ್ಯವಹಾರವನ್ನು ನೋಡಿಕೊಳ್ಳುತ್ತಿದ್ದವರು ಅಧ್ಯಕ್ಷರಿಗೆ ಆಪ್ತರಾಗಿದ್ದ ಉಪಸಚಿವರು. ಎರಡು ತಿಂಗಳೊಳಗೆ, ಆಗಸ್ಟ್ 23ರಂದು, ಕೆಲಸದಿಂದ ವಜಾಗೊಂಡ ಪೊಲೀಸ್ ಅಧಿಕಾರಿಯೊಬ್ಬ ಮನಿಲಾದಲ್ಲಿ ಹಾಂಕಾಂಗ್ ಪ್ರವಾಸಿಗರ ಬಸ್ಸನ್ನು ಒತ್ತೆ ಹಿಡಿದ. ಎಂಟು ಪ್ರವಾಸಿಗರು ಸತ್ತರು. ಸಚಿವರು ತೀರ್ಮಾನಗಳ ಹೊರಗೇ ಇದ್ದರು ಎಂಬುದು ಆಮೇಲೆ ಎಲ್ಲರಿಗೂ ಗೊತ್ತಾಯಿತು. ಅಧಿಕಾರವಿಲ್ಲ, ಅಪಕೀರ್ತಿಯಲ್ಲಿ ಮಾತ್ರ ಪಾಲು. ಇನ್ನೊಂದು ಅವಮಾನವೂ ಇತ್ತು. ಅಲ್ಲಿ ಸಚಿವರ ನೇಮಕವನ್ನು ಸಂಸತ್ ಸದಸ್ಯರ ಆಯೋಗ ಅನುಮೋದಿಸಬೇಕು. ಎರಡು ವರ್ಷ ಕಳೆದರೂ ರೊಬ್ರೆಡೊ ನೇಮಕಕ್ಕೆ ಅದರ ಮುದ್ರೆ ಬೀಳಲಿಲ್ಲ.

ಇದ್ದಷ್ಟು ಅಧಿಕಾರದಲ್ಲಿ ಅವರು ಮಾಡಿದ್ದು ಕಾಗದದ ಕೆಲಸ, ನನಗೆ ಪ್ರಿಯವಾದ ಕೆಲಸ. ಪ್ರತಿ ಪ್ರಾಂತ್ಯ, ನಗರ, ಪುರಸಭೆ ತನ್ನ ಬಜೆಟ್, ಖರ್ಚು, ಖರೀದಿ, ಟೆಂಡರ್ ಫಲಿತಾಂಶಗಳನ್ನು ಜನರ ಕಣ್ಣಿಗೆ ಬೀಳುವ ಜಾಗಗಳಲ್ಲಿ ಅಂಟಿಸಬೇಕು, ಅಂತರ್ಜಾಲದಲ್ಲೂ ಹಾಕಬೇಕು ಎಂದು 2010ರ ಆಗಸ್ಟ್‌ನಲ್ಲೇ ಸುತ್ತೋಲೆ ಹೊರಡಿಸಿದರು. ಲೆಕ್ಕ ಸರಿಯಾಗಿ ಇಟ್ಟು ಬಹಿರಂಗಪಡಿಸಿದವರಿಗೆ ಒಂದು ಮುದ್ರೆ, ಮುದ್ರೆ ಪಡೆದವರಿಗೆ ಹೆಚ್ಚುವರಿ ಅನುದಾನ. ಮೇಯರ್‌ಗಳನ್ನು ಬೈದು ತಿದ್ದಲಾಗದು, ಪಕ್ಕದೂರಿಗೆ ಸಿಕ್ಕ ಹಣ ನಮಗೆ ಸಿಗಲಿಲ್ಲ ಎಂದರೆ ತಾವೇ ತಿದ್ದಿಕೊಳ್ಳುತ್ತಾರೆ ಎಂಬುದು ಹಳೆಯ ಮೇಯರ್‌ಗೆ ಗೊತ್ತಿತ್ತು.

ಕುಟುಂಬವನ್ನು ಮನಿಲಾಕ್ಕೆ ತರಲಿಲ್ಲ. ಹೆಂಡತಿ, ಮೂವರು ಹೆಣ್ಣುಮಕ್ಕಳು ನಾಗಾದಲ್ಲೇ. ವಾರಾಂತ್ಯಕ್ಕೆ ಸಚಿವರು ರಾತ್ರಿ ಬಸ್ ಹತ್ತಿ ಊರಿಗೆ ಹೋಗುತ್ತಿದ್ದರು. 377 ಕಿಲೋಮೀಟರ್, ರಾತ್ರಿಯಿಡೀ ಪ್ರಯಾಣ, ಸೋಮವಾರದ ಹೊತ್ತಿಗೆ ಮತ್ತೆ ಮನಿಲಾ.

2012ರ ಆಗಸ್ಟ್ 18, ಶನಿವಾರ. ಸೆಬು ನಗರದಲ್ಲಿ ಕಾರ್ಯಕ್ರಮ ಮುಗಿಸಿ ನಾಗಾಕ್ಕೆ ಹೊರಟರು. ಎರಡು ಇಂಜಿನ್‌ನ ಪುಟ್ಟ ಪೈಪರ್ ಸೆನೆಕಾ ವಿಮಾನ. ದಾರಿಯಲ್ಲಿ ತೊಂದರೆ ಕಾಣಿಸಿಕೊಂಡು ಮಸ್ಬಾಟೆ ದ್ವೀಪದಲ್ಲಿ ಇಳಿಯಲು ನೋಡಿದರು. ದಡ ಇನ್ನು ಕೂಗಳತೆಯಲ್ಲಿ ಇರುವಾಗ ವಿಮಾನ ಸಮುದ್ರಕ್ಕೆ ಬಿತ್ತು. ಅಂಗರಕ್ಷಕ ಬದುಕಿ ಬಂದರು. ರೊಬ್ರೆಡೊ, ಪೈಲಟ್, ನೇಪಾಳದಿಂದ ಬಂದಿದ್ದ ಸಹಪೈಲಟ್ ತೀರಿಕೊಂಡರು. ಮೂರು ದಿನ ಹುಡುಕಿ ಆಗಸ್ಟ್ 21ರಂದು ದೇಹವನ್ನು ಮೇಲೆ ತಂದರು. ಯಾರ ಹೆಸರಿನ ಪ್ರಶಸ್ತಿ ಪಡೆದಿದ್ದರೋ ಆ ರಾಮೊನ್ ಮ್ಯಾಗ್ಸೆಸೆ ಕೂಡ 1957ರಲ್ಲಿ ಸತ್ತದ್ದು ಸೆಬುವಿನಿಂದ ಹೊರಟ ವಿಮಾನದಲ್ಲಿ. ಈಗ ಪ್ರತಿ ವರ್ಷ ಆಗಸ್ಟ್ 18 ಅಲ್ಲಿ ಜೆಸ್ಸಿ ರೊಬ್ರೆಡೊ ದಿನ.

ಇಷ್ಟು ಹೇಳಿ ಕುಳಿತೆ. ಪ್ರಶ್ನೆಗಳು ಬಂದವು.

'ಆ ಜನತಾ ಮಂಡಳಿ ಅವರು ಹೋದ ಮೇಲೆ ಉಳಿಯಿತೇ?' ಎಂದು ನಿವೃತ್ತ ಶಿಕ್ಷಕರೊಬ್ಬರು ಕೇಳಿದರು. ಉಳಿದಿದೆ ಸಾರ್. ಮೇಯರ್ ಇಷ್ಟಪಟ್ಟರೆ ಕರೆಯುವ ಸಭೆಯಾಗಿದ್ದರೆ ಹೋಗುತ್ತಿತ್ತು. ಬೈಲಾದಲ್ಲಿ ಇರುವುದರಿಂದ ತೆಗೆಯಬೇಕೆಂದರೆ ಬಹಿರಂಗವಾಗಿ ತೆಗೆಯಬೇಕು. ಆದರೆ ಎಲ್ಲ ವರ್ಷವೂ ಒಂದೇ ಹುರುಪು ಇರುತ್ತದೆ ಎಂದು ನಾನು ಹೇಳುವುದಿಲ್ಲ.

ಎರಡನೆಯದು ಕಾಲೇಜು ಹುಡುಗಿಯದ್ದು, ಚುಚ್ಚುವ ಪ್ರಶ್ನೆ. 'ಹೆಂಡತಿಯನ್ನು ಕೂರಿಸಲಿಲ್ಲ ಎಂದು ಹೊಗಳಿದಿರಿ. ಆಮೇಲೆ ಆಕೆಯೇ ಉಪಾಧ್ಯಕ್ಷೆ ಆದರಲ್ಲ?' ಆದರಮ್ಮ. ಲೆನಿ ರೊಬ್ರೆಡೊ ವಕೀಲೆ, ಗಂಡ ಇರುವವರೆಗೆ ಚುನಾವಣೆಗೆ ನಿಂತವರಲ್ಲ. 2013ರಲ್ಲಿ ಸಂಸತ್ತಿಗೆ ನಿಂತು ವಿಲ್ಲಾಫುವೆರ್ತೆ ಅವರ ಪತ್ನಿಯನ್ನೇ ಸೋಲಿಸಿದರು. 2016ರಲ್ಲಿ ಮಾರ್ಕೋಸ್ ಮಗನನ್ನು ಸೋಲಿಸಿ ದೇಶದ ಉಪಾಧ್ಯಕ್ಷೆಯಾದರು, 2022ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ಅದೇ ಮಗನ ಎದುರು ಸೋತರು. 2025ರಲ್ಲಿ ನಾಗಾದ ಮೇಯರ್ ಆದರು. ಗಂಡನ ಹೆಸರು ನೆರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನಡುವಿನ 15 ವರ್ಷ ಆ ಕುರ್ಚಿಯಲ್ಲಿ ಇದ್ದವರು ಮನೆಯವರಲ್ಲ ಎಂಬುದೂ ನಿಜ. ಎರಡನ್ನೂ ಇಟ್ಟುಕೊಂಡು ನೀನೇ ತೂಗಿ ನೋಡು.

ಕೊನೆಗೆ, ಹಿಂದಿನ ಸಾಲಿನಲ್ಲಿ ಕುಳಿತಿದ್ದ ನಮ್ಮ ಊರಿನ ಬಸ್ ಕಂಡಕ್ಟರ್ ಒಬ್ಬರು ಎದ್ದು ನಿಂತು, ಸ್ವಲ್ಪ ಹಿಂಜರಿದು, 'ಪ್ರತಿ ವಾರ ಬಸ್ಸಿನಲ್ಲಿ ಹೋಗುತ್ತಿದ್ದವರು ಆ ದಿನ ಯಾಕೆ ಬಸ್ ಹತ್ತಲಿಲ್ಲ?' ಎಂದು ಕೇಳಿದರು.

ಸೆಬು ದ್ವೀಪ ಅಣ್ಣ. ನಾಗಾಕ್ಕೂ ಅದಕ್ಕೂ ನಡುವೆ ಸಮುದ್ರ.